ಡಿಜಿಟಲ್ ವ್ಯವಸ್ಥೆಯಿಂದ ಹೊರಗುಳಿದವರಿಗಾಗಿ ದತ್ತಿ ಅನುದಾನ: ಹಣದ ಹಾದಿ ಮತ್ತು ಅದರ ತೊಡಕುಗಳು

ವೃದ್ಧಾಪ್ಯ ವೇತನದ ಅರ್ಜಿ, ಪಡಿತರ ಚೀಟಿಯ ಇ-ಕೆವೈಸಿ, ಮಕ್ಕಳ ವಿದ್ಯಾರ್ಥಿವೇತನ, ಬೆಳೆ ಪರಿಹಾರ, ಬ್ಯಾಂಕ್ ಖಾತೆ: ಇವುಗಳಲ್ಲಿ ಯಾವುದನ್ನು ಪಡೆಯಬೇಕಾದರೂ ಇಂದು ಹೆಚ್ಚಾಗಿ ಆಧಾರ್‌ಗೆ ಜೋಡಣೆಯಾದ ಮೊಬೈಲ್ ಸಂಖ್ಯೆ ಇರಬೇಕು, ಆ ಸಂಖ್ಯೆಗೆ ಬರುವ ಓಟಿಪಿಯನ್ನು ಓದಬಲ್ಲವರು ಮನೆಯಲ್ಲಿರಬೇಕು, ಇಲ್ಲವೇ ಹಣ ಕೊಟ್ಟು ಸೈಬರ್ ಸೆಂಟರ್‌ನವರಿಂದ ಮಾಡಿಸಿಕೊಳ್ಳಬೇಕು. ಉದ್ಯೋಗ ಖಾತರಿ ಯೋಜನೆಯ ಕಾಮಗಾರಿ ಸ್ಥಳಗಳಲ್ಲಿ 2023ರ ಜನವರಿಯಿಂದ ಕೂಲಿಕಾರರ ಹಾಜರಾತಿಯನ್ನು ಮೊಬೈಲ್ ಆ್ಯಪ್‌ನಲ್ಲೇ ದಾಖಲಿಸುವುದು ಕಡ್ಡಾಯವಾಯಿತು. ಕರ್ನಾಟಕದಲ್ಲಿ ಆ ಕೆಲಸ ಕೂಲಿಕಾರರ ಗುಂಪಿನ ಮುಂದಾಳುಗಳಾದ ಕಾಯಕ ಬಂಧುಗಳ ಪಾಲಿಗೆ ಬಂತು. ಫೋನು ಕೆಟ್ಟರೆ ಅಥವಾ ನೆಟ್‌ವರ್ಕ್ ಸಿಗದಿದ್ದರೆ, ಬಿಸಿಲಿನಲ್ಲಿ ದುಡಿದ ದಿನವೇ ಲೆಕ್ಕಕ್ಕೆ ಬಾರದೆ ಹೋಗುವ ಆತಂಕ ಅದರೊಂದಿಗೇ ಬಂತು. ಡಿಜಿಟಲ್ ವ್ಯವಸ್ಥೆಯಿಂದ ಹೊರಗುಳಿಯುವುದೆಂದರೆ ಕಾನೂನು ಕೊಟ್ಟ ಹಕ್ಕು ಕಣ್ಣೆದುರಿಗಿದ್ದರೂ ಕೈಗೆ ಸಿಗದಿರುವುದು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಈ ಕೊರತೆಯನ್ನು ನೀಗಿಸಲು ಸರ್ಕಾರದ ಯೋಜನೆಗಳ ಜೊತೆಗೆ ಕಂಪನಿಗಳು, ಕುಟುಂಬ ದತ್ತಿಗಳು ಮತ್ತು ವಿದೇಶಿ ಪ್ರತಿಷ್ಠಾನಗಳು ಸ್ವಯಂಸೇವಾ ಸಂಸ್ಥೆಗಳಿಗೆ ಅನುದಾನ ಕೊಡುತ್ತವೆ. ಆ ಹಣ ಯಾವ ನಿಯಮಗಳ ಅಡಿಯಲ್ಲಿ ಬರುತ್ತದೆ, ಅನೇಕ ಸಲ ಅದು ಟ್ಯಾಬ್ಲೆಟ್ ಮತ್ತು ಕಂಪ್ಯೂಟರ್‌ಗಳ ರೂಪದಲ್ಲೇ ಊರು ಸೇರುವುದೇಕೆ, ಕಾನೂನು ನಿಜವಾಗಿ ಏನನ್ನು ತಡೆಯುತ್ತದೆ ಮತ್ತು ಏನನ್ನು ತಡೆಯುವುದಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸಿದ್ದೇನೆ. ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಸಣ್ಣ ಸಂಸ್ಥೆಗಳು, ಮಹಿಳಾ ಸಂಘಗಳು ಮತ್ತು ಗ್ರಾಮ ಪಂಚಾಯಿತಿ ಸದಸ್ಯರು ನಿಯಮಗಳ ಬಗ್ಗೆ ಕೇಳಿಬಂದ ಮಾತನ್ನೇ ನಂಬಿ, ಕೇಳಬಹುದಾದುದನ್ನೂ ಕೇಳದೆ ಬಿಡುತ್ತಾರೆಂಬ ಕಳವಳವೇ ಈ ಬರಹಕ್ಕೆ ಕಾರಣ.

ಕೊರತೆ ಎಲ್ಲಿದೆ

ರಾಷ್ಟ್ರೀಯ ಮಾದರಿ ಸಮೀಕ್ಷೆಯ 75ನೇ ಸುತ್ತು 2017-18ರಲ್ಲಿ ನಡೆಯಿತು. ಅದರ ಪ್ರಕಾರ ದೇಶದ ಗ್ರಾಮೀಣ ಕುಟುಂಬಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ. 4.4ರಷ್ಟು ಮನೆಗಳಲ್ಲಿ ಮಾತ್ರ, ನಗರಗಳಲ್ಲಿ ಶೇ. 23.4. ಅಂತರ್ಜಾಲ ಸೌಲಭ್ಯವಿದ್ದ ಮನೆಗಳು ಹಳ್ಳಿಗಳಲ್ಲಿ ಶೇ. 14.9, ನಗರಗಳಲ್ಲಿ ಶೇ. 42. ಆ ಬಳಿಕ ಸ್ಮಾರ್ಟ್‌ಫೋನುಗಳು ಬಹಳ ಹೆಚ್ಚಿದವು, ಆದರೆ ಮನೆಗೆ ಫೋನು ಬಂದ ಮಾತ್ರಕ್ಕೆ ಮನೆಯವರೆಲ್ಲರ ಕೈಗೂ ಅದು ಬರುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದೇವೆ ಎಂದವರು ಗಂಡಸರಲ್ಲಿ ಶೇ. 57.1 ಇದ್ದರೆ ಹೆಂಗಸರಲ್ಲಿ ಶೇ. 33.3 ಮಾತ್ರ. ಗ್ರಾಮೀಣ ಮಕ್ಕಳ ಶಿಕ್ಷಣದ ಸ್ಥಿತಿಯನ್ನು ಸಮೀಕ್ಷಿಸುವ ಅಸರ್‌ನ 2021ರ ವರದಿಯ ಪ್ರಕಾರ, ಶಾಲೆಗೆ ದಾಖಲಾದ ಗ್ರಾಮೀಣ ಮಕ್ಕಳಲ್ಲಿ ಮೂರನೇ ಎರಡರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಹಾಗೆ ಫೋನಿದ್ದ ಮನೆಗಳ ಮಕ್ಕಳಲ್ಲೂ ಶೇ. 26.1ರಷ್ಟು ಮಂದಿಗೆ ಅದು ಓದಿಗೆ ಸಿಗುತ್ತಲೇ ಇರಲಿಲ್ಲ. ಅಪ್ಪ ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಫೋನೂ ಅವನ ಜೇಬಿನಲ್ಲಿ ಹೊರಡುವ ಮನೆಗಳನ್ನು ಸಾಧನಗಳ ಎಣಿಕೆ ಗುರುತಿಸುವುದಿಲ್ಲ.

ರೀಚಾರ್ಜ್ ಎಂಬುದು ಇನ್ನೊಂದು ಪದರ. 2024ರ ಜುಲೈನಲ್ಲಿ ದೂರಸಂಪರ್ಕ ಕಂಪನಿಗಳು ದರ ಏರಿಸಿದಾಗ ಜಿಯೊದ 239 ರೂಪಾಯಿಯ 28 ದಿನಗಳ ಪ್ಲಾನ್ 299 ರೂಪಾಯಿಗೆ ಏರಿತು. ಅದೇ ವರ್ಷ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂಪಾಯಿ ಇತ್ತು. ಅಂದರೆ ಒಂದು ಫೋನನ್ನು ನಾಲ್ಕು ವಾರ ಜೀವಂತವಾಗಿಡಲು ಒಂದು ದಿನದ ದುಡಿಮೆಯ ಬಹುಪಾಲನ್ನು ಕೊಡಬೇಕು, ಮತ್ತು ವರ್ಷಕ್ಕೆ ಹದಿಮೂರು ಸಲ ಕೊಡಬೇಕು. ಇವುಗಳ ಮೇಲೆ ಕನ್ನಡದಲ್ಲಿ ಸರಿಯಾಗಿ ತೆರೆಯದ ಜಾಲತಾಣ, ದುಡಿದು ಸವೆದ ಬೆರಳನ್ನು ಗುರುತಿಸದ ಯಂತ್ರ, ಆಧಾರ್‌ನಲ್ಲಿ ಒಂದು ಮತ್ತು ಪಡಿತರ ಚೀಟಿಯಲ್ಲಿ ಇನ್ನೊಂದು ರೀತಿ ಬರೆದ ಹೆಸರು, ತಪ್ಪು ಒತ್ತಿದರೆ ಖಾತೆಯ ಹಣ ಹೋದೀತೆಂಬ ಅಂಜಿಕೆ, ಇವೆಲ್ಲ ಸೇರುತ್ತವೆ. ಸಾಧನ ಒಂದು ಸಲದ ಖರ್ಚು. ಉಳಿದವೆಲ್ಲ ಮತ್ತೆ ಮತ್ತೆ ಬರುವ ಖರ್ಚುಗಳು, ಅಥವಾ ಪಕ್ಕದಲ್ಲಿ ಕುಳಿತು ತಾಳ್ಮೆಯಿಂದ ಹೇಳಿಕೊಡುವ ಮನುಷ್ಯರಿಂದ ಮಾತ್ರ ತೀರುವ ಕೊರತೆಗಳು. ಅನುದಾನದ ಚರ್ಚೆಯೆಲ್ಲವೂ ನನ್ನ ದೃಷ್ಟಿಯಲ್ಲಿ ಈ ವ್ಯತ್ಯಾಸದ ಮೇಲೆ ನಿಂತಿದೆ.

ಕಂಪನಿಗಳ ಹಣ

ಭಾರತದಲ್ಲಿ ಈ ಬಗೆಯ ಕೆಲಸಕ್ಕೆ ಸಿಗುವ ಖಾಸಗಿ ಹಣದ ದೊಡ್ಡ ಮೂಲ 2013ರ ಕಂಪನಿಗಳ ಕಾಯ್ದೆಯ 135ನೇ ಸೆಕ್ಷನ್. 2014ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಈ ನಿಯಮದಂತೆ, ಹಿಂದಿನ ಹಣಕಾಸು ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1,000 ಕೋಟಿ ರೂಪಾಯಿ ವಹಿವಾಟು, ಅಥವಾ 5 ಕೋಟಿ ರೂಪಾಯಿ ನಿವ್ವಳ ಲಾಭ ಮುಟ್ಟಿದ ಕಂಪನಿಯು ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಚಟುವಟಿಕೆಗಳಿಗೆ, ಎಂದರೆ ಎಲ್ಲರೂ ಕರೆಯುವಂತೆ ಸಿಎಸ್‌ಆರ್‌ಗೆ, ಖರ್ಚು ಮಾಡಬೇಕು. ಆರಂಭದಲ್ಲಿ ಖರ್ಚು ಮಾಡದಿದ್ದರೆ ಕಾರಣ ಬರೆದರೆ ಸಾಕಿತ್ತು. 2021ರ ಜನವರಿಯಲ್ಲಿ ತಿದ್ದುಪಡಿಗಳು ಜಾರಿಗೆ ಬಂದ ಮೇಲೆ ದಂಡ ಬೀಳುತ್ತದೆ.

ಯಾವ ಕೆಲಸಕ್ಕೆ ಖರ್ಚು ಮಾಡಬಹುದೆಂಬ ಪಟ್ಟಿ ಆ ಕಾಯ್ದೆಯ 7ನೇ ಅನುಸೂಚಿಯಲ್ಲಿದೆ. ಶಿಕ್ಷಣ, ಉದ್ಯೋಗ ಕೌಶಲ, ಲಿಂಗ ಸಮಾನತೆ, ಗ್ರಾಮೀಣಾಭಿವೃದ್ಧಿ, ಕೊಳೆಗೇರಿ ಅಭಿವೃದ್ಧಿ ಮುಂತಾದ ಶೀರ್ಷಿಕೆಗಳು ಅಲ್ಲಿವೆ. ಡಿಜಿಟಲ್ ಒಳಗೊಳ್ಳುವಿಕೆ ಎಂಬ ಪ್ರತ್ಯೇಕ ಶೀರ್ಷಿಕೆ ಇಲ್ಲ. ಇದರಿಂದ ಗಾಬರಿಯಾಗಬೇಕಿಲ್ಲ, ಏಕೆಂದರೆ ಅನುಸೂಚಿಯನ್ನು ಉದಾರವಾಗಿ ಅರ್ಥೈಸಬೇಕೆಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯವೇ ಸ್ಪಷ್ಟಪಡಿಸಿದೆ. ಆದರೆ ಇದರ ಒಂದು ಪರಿಣಾಮವನ್ನು ಗಮನಿಸಬೇಕು. ಶೀರ್ಷಿಕೆ ಇಲ್ಲದಿರುವುದರಿಂದ ಇಂಥ ಅರ್ಜಿಗಳಿಗೆ ಸುಲಭವಾಗಿ ಸಿಗುವ ಆಸರೆ ಶಿಕ್ಷಣದ ಶೀರ್ಷಿಕೆ, ಮತ್ತು ಶಿಕ್ಷಣವೆಂದ ಕೂಡಲೇ ಯೋಜನೆ ಶಾಲೆಯ ಕಡೆಗೆ, ಶಾಲೆಯ ಕಂಪ್ಯೂಟರ್ ಕೋಣೆಯ ಕಡೆಗೆ ವಾಲುತ್ತದೆ. ಪಿಂಚಣಿಗಾಗಿ ಅಲೆಯುವ ಅಜ್ಜಿ, ಕಾಯಕ ಬಂಧು, ಮನೆಗೆಲಸದವರು, ಪೌರಕಾರ್ಮಿಕರು ಶಾಲೆಯ ಆವರಣದ ಹೊರಗೆ ಉಳಿಯುತ್ತಾರೆ. ಅರ್ಜಿ ಬರೆಯುವವರು ಗ್ರಾಮೀಣಾಭಿವೃದ್ಧಿ, ಲಿಂಗ ಸಮಾನತೆ ಅಥವಾ ಕೊಳೆಗೇರಿ ಅಭಿವೃದ್ಧಿಯ ಶೀರ್ಷಿಕೆಯನ್ನು ಧೈರ್ಯವಾಗಿ ಬಳಸಿದರೆ ಈ ವಾಲಿಕೆಯನ್ನು ಸ್ವಲ್ಪ ಮಟ್ಟಿಗೆ ಸರಿಪಡಿಸಬಹುದು.

ಹಣ ಸಾಧನಗಳಾಗಿ ಮಾರ್ಪಡುವುದಕ್ಕೆ ದೊಡ್ಡ ಕಾರಣ ಕ್ಯಾಲೆಂಡರ್. ಕಂಪನಿ ಒಂದು ವರ್ಷದ ಹಣವನ್ನು ಮಾರ್ಚ್ 31ರೊಳಗೆ ಖರ್ಚು ಮಾಡದಿದ್ದರೆ, ಆ ಹಣ ಯಾವುದೇ ನಡೆಯುತ್ತಿರುವ ಯೋಜನೆಗೆ ಸೇರಿದ್ದಲ್ಲವಾದರೆ, ಆರು ತಿಂಗಳೊಳಗೆ ಅದನ್ನು ಪ್ರಧಾನ ಮಂತ್ರಿ ಪರಿಹಾರ ನಿಧಿಯಂತಹ ಅನುಸೂಚಿತ ನಿಧಿಗೆ ವರ್ಗಾಯಿಸಬೇಕು. ಜನವರಿ, ಫೆಬ್ರುವರಿಯಲ್ಲಿ ಹಣ ಉಳಿದಿರುವುದು ಕಂಡಾಗ, ಎಂಟು ಹಳ್ಳಿಗಳಲ್ಲಿ ಮಹಿಳೆಯರಿಗೆ ತರಬೇತಿ ಕೊಡುವ ಕೆಲಸವನ್ನು ಎರಡು ತಿಂಗಳಲ್ಲಿ ಮುಗಿಸಲಾಗದು. ಐನೂರು ಟ್ಯಾಬ್ಲೆಟ್ ಕೊಳ್ಳುವುದನ್ನು ಒಂದೇ ವಾರದಲ್ಲಿ ಮುಗಿಸಬಹುದು. ಬಿಲ್ಲು ಸಿಗುತ್ತದೆ, ವಿತರಣೆಯ ಛಾಯಾಚಿತ್ರ ಸಿಗುತ್ತದೆ, ವಾರ್ಷಿಕ ವರದಿಯಲ್ಲಿ ಬರೆಯಲು ಸಂಖ್ಯೆ ಸಿಗುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇರಬೇಕಾಗಿಲ್ಲ; ಗಡುವಿನ ಒತ್ತಡವೇ ನಿರ್ಧಾರವನ್ನು ಆ ದಿಕ್ಕಿಗೆ ತಳ್ಳುತ್ತದೆ.

ಈ ಒತ್ತಡಕ್ಕೆ ಪರಿಹಾರ ಅದೇ ನಿಯಮಗಳಲ್ಲಿದೆ. ಒಂದು ಯೋಜನೆಯನ್ನು ಕಂಪನಿಯ ಮಂಡಳಿ ‘ನಡೆಯುತ್ತಿರುವ ಯೋಜನೆ’ ಎಂದು ಅನುಮೋದಿಸಿದರೆ, ಆರಂಭದ ಹಣಕಾಸು ವರ್ಷವನ್ನು ಬಿಟ್ಟು ಮುಂದಿನ ಮೂರು ವರ್ಷಗಳವರೆಗೆ ಅದು ನಡೆಯಬಹುದು. ಖರ್ಚಾಗದ ಹಣವನ್ನು ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹಾಕಿಟ್ಟರಾಯಿತು. ಡಿಜಿಟಲ್ ಕಲಿಕೆಯಂತಹ ನಿಧಾನದ ಕೆಲಸಕ್ಕೆ ಇದು ಹೇಳಿ ಮಾಡಿಸಿದ ವ್ಯವಸ್ಥೆ. ಆದ್ದರಿಂದ ಅರ್ಜಿಯನ್ನು ಜನವರಿಯಲ್ಲಿ ಅಲ್ಲ, ಕಂಪನಿಗಳು ವಾರ್ಷಿಕ ಕ್ರಿಯಾ ಯೋಜನೆ ರೂಪಿಸುವ ವರ್ಷಾರಂಭದಲ್ಲೇ ಸಲ್ಲಿಸಬೇಕು, ಮತ್ತು ಮೊದಲ ಪುಟದಲ್ಲೇ ಇದು ಬಹುವಾರ್ಷಿಕ ಯೋಜನೆ ಎಂದು ಬರೆಯಬೇಕು.

ಸಂಬಳದ ಬಗ್ಗೆ ಇರುವ ತಪ್ಪು ತಿಳಿವಳಿಕೆ

ಸಿಎಸ್‌ಆರ್ ಹಣದಲ್ಲಿ ಸಿಬ್ಬಂದಿಯ ಸಂಬಳ ಕೊಡುವಂತಿಲ್ಲ, ಆಡಳಿತ ವೆಚ್ಚ ಶೇ. 5 ದಾಟುವಂತಿಲ್ಲ ಎಂಬ ಮಾತು ಸ್ವಯಂಸೇವಾ ಸಂಸ್ಥೆಗಳ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ನಿಯಮದ ಮಾತು ಹಾಗಿಲ್ಲ. ಶೇ. 5ರ ಮಿತಿ ಇರುವುದು ಕಂಪನಿಯು ತನ್ನ ಸ್ವಂತ ಸಿಎಸ್‌ಆರ್ ವಿಭಾಗವನ್ನು ನಡೆಸಲು ಮಾಡುವ ಸಾಮಾನ್ಯ ಆಡಳಿತ ಖರ್ಚಿಗೆ. ಒಂದು ನಿರ್ದಿಷ್ಟ ಯೋಜನೆಯನ್ನು ರೂಪಿಸುವ, ನಡೆಸುವ, ಮೇಲ್ವಿಚಾರಣೆ ಮಾಡುವ, ಮೌಲ್ಯಮಾಪನ ಮಾಡುವ ವೆಚ್ಚಗಳನ್ನು ನಿಯಮವು ಆ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಶಿಕ್ಷಣ ಯೋಜನೆಯಲ್ಲಿ ಶಿಕ್ಷಕರ ಸಂಬಳ ಯೋಜನೆಯದೇ ವೆಚ್ಚವೆಂದು ಸಚಿವಾಲಯ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ಪ್ರಶ್ನೋತ್ತರ ಸುತ್ತೋಲೆಯಲ್ಲಿ ಹೇಳಿದೆ. ಅದೇ ತರ್ಕದಲ್ಲಿ, ಹಳ್ಳಿಯಲ್ಲಿ ಕುಳಿತು ಹೆಂಗಸರಿಗೆ ಫೋನು ಬಳಸಲು ಕಲಿಸುವ ಯುವತಿಯ ಗೌರವಧನವೂ ಆ ಯೋಜನೆಯ ನೇರ ವೆಚ್ಚವೇ. ಕಾನೂನು ತಡೆಯದ ಖರ್ಚನ್ನು ದಾನಿಯ ರೂಢಿ ತಡೆಯುತ್ತಿದೆ, ಮತ್ತು ಕೇಳುವವರ ಸಂಕೋಚ ಆ ರೂಢಿಯನ್ನು ಗಟ್ಟಿಗೊಳಿಸುತ್ತಿದೆ.

ಮನುಷ್ಯರ ಮೇಲೆ ಹೂಡಿದ ಹಣದ ಫಲಕ್ಕೆ ನಮ್ಮ ನೆರೆಹೊರೆಯಲ್ಲೇ ಹಳೆಯ ಉದಾಹರಣೆಗಳಿವೆ. ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವು ಕೆನಡಾದ ಅಭಿವೃದ್ಧಿ ಸಂಶೋಧನಾ ಸಂಸ್ಥೆಯಾದ ಐಡಿಆರ್‌ಸಿಯ ಅನುದಾನದಿಂದ 1998ರಲ್ಲಿ ಪುದುಚೇರಿಯ ಹಳ್ಳಿಗಳಲ್ಲಿ ಮಾಹಿತಿ ಕೇಂದ್ರಗಳನ್ನು ತೆರೆಯಿತು. ವಿಲ್ಲಿಯನೂರಿನಲ್ಲಿ ಮುಖ್ಯ ಕೇಂದ್ರವಿತ್ತು. ಕರಾವಳಿಯ ವೀರಾಂಪಟ್ಟಿನಂನಲ್ಲಿ ಅಲೆಗಳ ಎತ್ತರದ ಮುನ್ಸೂಚನೆಯನ್ನು ಅಮೆರಿಕದ ನೌಕಾಪಡೆಯ ಜಾಲತಾಣದಿಂದ ಪಡೆದು ಮೀನುಗಾರರಿಗೆ ಧ್ವನಿವರ್ಧಕದಲ್ಲಿ ತಮಿಳಿನಲ್ಲಿ ಕೇಳಿಸಲಾಗುತ್ತಿತ್ತು. ಎಂಬಲಂ ಎಂಬ ಊರಿನಲ್ಲಿ ದೇವಸ್ಥಾನದ ಆವರಣದಲ್ಲೇ ಕೇಂದ್ರ ನಡೆಯಿತು, ಅದನ್ನು ನಡೆಸಿದವರು ಊರಿನ ಹೆಂಗಸರು. ಜಾಗವನ್ನು ಊರೇ ಕೊಡಬೇಕು ಮತ್ತು ದಲಿತರೂ ಸೇರಿದಂತೆ ಎಲ್ಲ ಜಾತಿಯವರಿಗೂ ಅಲ್ಲಿ ಪ್ರವೇಶವಿರಬೇಕು ಎಂಬುದಕ್ಕೆ ಯೋಜನೆ ಒತ್ತು ಕೊಟ್ಟಿತ್ತು. ಕಂಪ್ಯೂಟರ್ ಮುಟ್ಟದ ಮೀನುಗಾರನಿಗೂ ಅಂತರ್ಜಾಲದ ಪ್ರಯೋಜನ ತಲುಪಿದ್ದು ಮಧ್ಯದಲ್ಲಿ ಒಬ್ಬ ಮನುಷ್ಯ ಇದ್ದುದರಿಂದ.

ಮೈಸೂರು ಜಿಲ್ಲೆಯಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ಬಡ ಹೆಂಗಸರನ್ನು ಸಂಘಗಳಾಗಿ ಒಗ್ಗೂಡಿಸುತ್ತಿದ್ದ ಸರ್ಕಾರಿ ಕಾರ್ಯಕ್ರಮವಾದ ಮಹಿಳಾ ಸಮಖ್ಯಾ ಕರ್ನಾಟಕದ ಜೊತೆಗೂಡಿ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ (ಯುಎನ್‌ಡಿಪಿ) ನೆರವಿನಿಂದ ನಡೆಸಿದ ‘ಮಾಹಿತಿ ಮಂಥನ’ ಯೋಜನೆಯೂ ಇದೇ ಜಾಡಿನದು. ಸಂಘಗಳ ಹೆಂಗಸರಲ್ಲಿ ಅನೇಕರು ದಲಿತರು, ಓದು ಬರಹ ಬಾರದವರು. ಅವರಿಗಾಗಿ ಮೈಸೂರಿನ ಜ್ಞಾನವಾಣಿಯಲ್ಲಿ ‘ಕೇಳು ಸಖಿ’ ಎಂಬ ರೇಡಿಯೊ ಕಾರ್ಯಕ್ರಮ, ಸಂಘದವರೇ ಪಾಲ್ಗೊಂಡು ತಯಾರಿಸಿದ ವಿಡಿಯೊಗಳು, ಜೊತೆಗೆ ಹಳ್ಳಿಗಳಲ್ಲಿ ‘ನಮ್ಮ ಮಾಹಿತಿ ಕೇಂದ್ರ’ಗಳು ರೂಪುಗೊಂಡವು. ಕೇಂದ್ರದ ಹೊಣೆ ಹೊತ್ತ ಊರಿನ ಹುಡುಗಿಯನ್ನು ಸಖಿ ಎಂದೇ ಕರೆದರು. ಅಕ್ಷರ ಬಾರದವರು ಡಿಜಿಟಲ್ ಲೋಕಕ್ಕೆ ಬರಬೇಕಾದರೆ ಮೊದಲು ಅಕ್ಷರ ಕಲಿಯಲಿ ಎಂದು ಕಾಯದೆ, ಧ್ವನಿ ಮತ್ತು ಚಿತ್ರಗಳ ಮೂಲಕವೇ ಅವರನ್ನು ಒಳಗೆ ಕರೆತರಬಹುದೆಂಬುದನ್ನು, ವಾಟ್ಸ್ಆ್ಯಪ್‌ನ ಧ್ವನಿ ಸಂದೇಶಗಳು ಬರುವುದಕ್ಕೆ ಬಹಳ ಮೊದಲೇ, ಈ ಕೆಲಸ ತೋರಿಸಿಕೊಟ್ಟಿತ್ತು.

ಇದಕ್ಕೆ ವಿರುದ್ಧವಾದ ಪಾಠವೂ ಕರ್ನಾಟಕದಲ್ಲಿದೆ. 2000ದ ದಶಕದ ಆರಂಭದಲ್ಲಿ ರಾಜ್ಯದ ಪ್ರೌಢಶಾಲೆಗಳಿಗೆ ಬಂದ ‘ಮಾಹಿತಿ ಸಿಂಧು’ ಯೋಜನೆಯಲ್ಲಿ ಕಂಪ್ಯೂಟರ್ ಕೋಣೆಯನ್ನು ನಡೆಸುವ ಮತ್ತು ಪಾಠ ಹೇಳುವ ಹೊಣೆಯನ್ನು ಖಾಸಗಿ ಏಜೆನ್ಸಿಗಳಿಗೆ ಗುತ್ತಿಗೆ ಕೊಡಲಾಗಿತ್ತು. ಅದೇ ಕಾಲದಲ್ಲಿ ಕೇರಳದ ಐಟಿ@ಸ್ಕೂಲ್ ಯೋಜನೆ ಸರ್ಕಾರಿ ಶಿಕ್ಷಕರನ್ನೇ ತರಬೇತುಗೊಳಿಸಿ, ಮುಕ್ತ ತಂತ್ರಾಂಶವನ್ನು ಆಧರಿಸಿ ಬೆಳೆಯಿತು. ಎರಡನ್ನೂ ಹೋಲಿಸಿದ ಐಟಿ ಫಾರ್ ಚೇಂಜ್‌ನ ಅಧ್ಯಯನವು ಕೇರಳದ ಮಾದರಿಯೇ ಶಾಲೆಯ ಕಲಿಕೆಯೊಳಗೆ ಆಳವಾಗಿ ಇಳಿಯಿತೆಂದು ಕಂಡುಕೊಂಡಿತು. ಗುತ್ತಿಗೆ ಮುಗಿದಾಗ ಗುತ್ತಿಗೆಯ ಬೋಧಕ ಹೊರಟುಹೋಗುತ್ತಾನೆ. ಶಾಲೆಯ ಶಿಕ್ಷಕಿ ತಾನು ಕಲಿತದ್ದರೊಂದಿಗೆ ಅಲ್ಲೇ ಇರುತ್ತಾಳೆ. ಇವು ಸರ್ಕಾರಿ ಯೋಜನೆಗಳಾದರೂ ದತ್ತಿ ಹಣಕ್ಕೂ ಈ ಪಾಠ ಅಷ್ಟೇ ಅನ್ವಯಿಸುತ್ತದೆ.

ಹಳೆಯ ಕಂಪ್ಯೂಟರ್‌ಗಳ ಪ್ರಶ್ನೆ

ಬೆಂಗಳೂರಿನಂತಹ ಊರಿನಲ್ಲಿ ಸಹಜವಾಗಿ ಏಳುವ ಪ್ರಶ್ನೆಯೊಂದಿದೆ: ಕಂಪನಿಗಳು ಪ್ರತಿ ಕೆಲವು ವರ್ಷಗಳಿಗೊಮ್ಮೆ ಬದಲಾಯಿಸುವ ಸಾವಿರಾರು ಲ್ಯಾಪ್‌ಟಾಪ್‌ಗಳನ್ನು ಹಳ್ಳಿಗಳಿಗೆ ಕೊಡಬಾರದೇ? ಕೊಡಬಹುದು. ಸಾಫ್ಟ್‌ವೇರ್ ತಂತ್ರಜ್ಞಾನ ಪಾರ್ಕ್ ಯೋಜನೆಯಡಿ ಸುಂಕವಿಲ್ಲದೆ ತರಿಸಿದ ಕಂಪ್ಯೂಟರ್‌ಗಳನ್ನು ಎರಡು ವರ್ಷ ಬಳಸಿದ ನಂತರ ಮಾನ್ಯತೆ ಪಡೆದ, ಲಾಭರಹಿತ ಶಿಕ್ಷಣ ಸಂಸ್ಥೆಗಳು, ಸಾರ್ವಜನಿಕ ಗ್ರಂಥಾಲಯಗಳು, ನೋಂದಾಯಿತ ದತ್ತಿ ಆಸ್ಪತ್ರೆಗಳು ಮೊದಲಾದವಕ್ಕೆ ಸುಂಕ ಕಟ್ಟದೆ ದಾನ ಮಾಡಲು ಅವಕಾಶವಿದೆ. ಆದರೆ ವಸ್ತುರೂಪದ ಕೊಡುಗೆಗೆ ಬೆಲೆ ಕಟ್ಟಿ ಸಿಎಸ್‌ಆರ್ ಖರ್ಚೆಂದು ತೋರಿಸುವಂತಿಲ್ಲ ಎಂದು 2021ರ ಸುತ್ತೋಲೆ ಹೇಳುತ್ತದೆ; ಉದ್ಯೋಗಿಗಳು ಸ್ವಯಂಪ್ರೇರಣೆಯಿಂದ ಕೊಡುವ ಸಮಯಕ್ಕೂ ಬೆಲೆ ಕಟ್ಟುವಂತಿಲ್ಲ. ಹೀಗಾಗಿ ಗೋದಾಮಿನಲ್ಲಿರುವ ಬಳಸಬಹುದಾದ ಲ್ಯಾಪ್‌ಟಾಪ್ ಕಂಪನಿಯ ಶೇ. 2ರ ಲೆಕ್ಕಕ್ಕೆ ಬಾರದು, ಅಂಗಡಿಯಿಂದ ಕೊಂಡ ಹೊಸ ಟ್ಯಾಬ್ಲೆಟ್ ಲೆಕ್ಕಕ್ಕೆ ಬರುತ್ತದೆ. ನಿಯಮದ ಉದ್ದೇಶ ಒಳ್ಳೆಯದೇ, ಹಳೆಯ ಸಾಮಾನಿಗೆ ಮನಸ್ಸಿಗೆ ಬಂದ ಬೆಲೆ ಕಟ್ಟುವುದನ್ನು ಅದು ತಡೆಯುತ್ತದೆ. ಜಾಣ್ಮೆಯಿಂದ ನಡೆಯುವ ಸಂಸ್ಥೆಗಳು ಎರಡನ್ನೂ ಕೂಡಿಸಬಹುದು: ಯಂತ್ರವನ್ನು ದಾನವಾಗಿ ಪಡೆದು, ಅದರ ದುರಸ್ತಿ, ಹೊಸ ಬ್ಯಾಟರಿ, ಕನ್ನಡ ಕೀಲಿಮಣೆಯ ಅಳವಡಿಕೆ, ಸಾಗಾಟ ಮತ್ತು ತರಬೇತಿಗೆ ಮಾತ್ರ ಸಿಎಸ್‌ಆರ್ ಹಣ ಕೇಳುವುದು.

ಸಣ್ಣ ಸಂಸ್ಥೆಗಳು ಮತ್ತು ದೂರದ ತಾಲ್ಲೂಕುಗಳು

ಅನುದಾನ ಪಡೆಯಲು ಸಂಸ್ಥೆಗೆ ಬೇಕಾದ ದಾಖಲೆಗಳ ಸಾಲು ಉದ್ದವಿದೆ. ಟ್ರಸ್ಟ್, ಸೊಸೈಟಿ ಅಥವಾ ಲಾಭರಹಿತವಾದ ಸೆಕ್ಷನ್ 8 ಕಂಪನಿಯಾಗಿ ನೋಂದಣಿ, ಸಂಸ್ಥೆಗೂ ದಾನಿಗೂ ತೆರಿಗೆ ವಿನಾಯಿತಿ ಕೊಡುವ, ಆದಾಯ ತೆರಿಗೆ ಕಾಯ್ದೆಯಡಿಯ ನೋಂದಣಿಗಳು (1961ರ ಕಾಯ್ದೆಯಲ್ಲಿ 12ಎಬಿ ಮತ್ತು 80ಜಿ), ಕಾರ್ಪೊರೇಟ್ ಸಚಿವಾಲಯದಲ್ಲಿ ಸಿಎಸ್‌ಆರ್-1 ನಮೂನೆಯ ಮೂಲಕ ಪಡೆದ ಸಂಖ್ಯೆ, ಕನಿಷ್ಠ ಮೂರು ವರ್ಷ ಇಂಥದೇ ಕೆಲಸ ಮಾಡಿದ ಅನುಭವ, ಲೆಕ್ಕಪರಿಶೋಧಿತ ಪಟ್ಟಿಗಳು. ಹಳ್ಳಿಯ ಸ್ವಸಹಾಯ ಸಂಘವೊಂದು ಇಷ್ಟನ್ನು ಹೊಂದಿಸಲಾರದು. ದೊಡ್ಡ ಸಂಸ್ಥೆಯೊಂದು ಹಣ ಪಡೆದು ಸಣ್ಣ ಸಂಘಗಳ ಮೂಲಕ ಕೆಲಸ ಮಾಡಿಸುವುದು ಹಿಂದಿನಿಂದ ಬಂದ ದಾರಿ. ಆದರೆ 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ವಿದೇಶಿ ಹಣದ ಮಟ್ಟಿಗೆ ಆ ದಾರಿ ಮುಚ್ಚಿತು: ಒಂದು ಸಂಸ್ಥೆ ಪಡೆದ ವಿದೇಶಿ ವಂತಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ ಶೇ. 50ರಿಂದ ಶೇ. 20ಕ್ಕೆ ಇಳಿಯಿತು. ದೇಶದೊಳಗಿನ ದತ್ತಿಗಳ ವಿಷಯದಲ್ಲೂ, ಒಂದು ಟ್ರಸ್ಟ್ ಮತ್ತೊಂದಕ್ಕೆ ಕೊಟ್ಟ ಹಣದಲ್ಲಿ ಶೇ. 85ರಷ್ಟನ್ನು ಮಾತ್ರ ದತ್ತಿ ಉದ್ದೇಶಕ್ಕೆ ವ್ಯಯವಾದ ಹಣವೆಂದು ಪರಿಗಣಿಸುವ ತಿದ್ದುಪಡಿ 2023ರ ಹಣಕಾಸು ಕಾಯ್ದೆಯಲ್ಲಿ ಬಂತು. ಒಂದೊಂದು ನಿಯಮಕ್ಕೂ ತನ್ನದೇ ಸಮರ್ಥನೆ ಇರಬಹುದು. ಎಲ್ಲವೂ ಒಟ್ಟಾಗಿ ಸೇರಿದಾಗ ಊರಿಗೆ ಅತ್ಯಂತ ಹತ್ತಿರವಿರುವ ಸಂಘವೇ ಹಣದಿಂದ ಅತ್ಯಂತ ದೂರ ಉಳಿಯುತ್ತದೆ ಎಂಬುದು ನನ್ನನ್ನು ಬಹಳವಾಗಿ ಕಾಡುವ ಸಂಗತಿ.

ಭೂಗೋಳವೂ ಹೀಗೆಯೇ ಕೆಲಸ ಮಾಡುತ್ತದೆ. ಕಂಪನಿಯು ತಾನು ಕಾರ್ಯನಿರ್ವಹಿಸುವ ಸ್ಥಳದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕೆಂದು 135ನೇ ಸೆಕ್ಷನ್ ಹೇಳುತ್ತದೆ. ಕಂಪನಿಗಳು ಬೆಂಗಳೂರಿನ ಸುತ್ತ ಹೆಚ್ಚಿದ್ದರೆ ಹಣವೂ ಸಹಜವಾಗಿ ಅಲ್ಲೇ ಸುತ್ತುತ್ತದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ಕರೆಯಿತು. ಹಿಂದುಳಿದ ಜಿಲ್ಲೆಗಳ ಅಭಿವೃದ್ಧಿಗಾಗಿ ಕೇಂದ್ರ ಮಾಡಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಸೇರಿದವು ರಾಯಚೂರು ಮತ್ತು ಯಾದಗಿರಿ. ಸ್ಥಳೀಯ ಆದ್ಯತೆ ಎಂಬುದು ಮಾರ್ಗದರ್ಶಿ ಸೂಚನೆ, ಕಡ್ಡಾಯವಲ್ಲ ಎಂದು ಸಚಿವಾಲಯವೇ ಹೇಳಿರುವುದರಿಂದ, ಬೆಂಗಳೂರಿನ ಕಂಪನಿಯೊಂದು ರಾಯಚೂರಿನ ದೇವದುರ್ಗದಲ್ಲೋ ಯಾದಗಿರಿಯ ಶೋರಾಪುರದಲ್ಲೋ ಖರ್ಚು ಮಾಡಲು ಕಾನೂನಿನ ಅಡ್ಡಿ ಇಲ್ಲ. ಅರ್ಜಿಯಲ್ಲಿ ಈ ಸ್ಪಷ್ಟೀಕರಣವನ್ನು ಉಲ್ಲೇಖಿಸುವುದು ಒಳ್ಳೆಯದು.

ಡೇಟಾಗೆ ಯಾರು ಕೊಡಬೇಕು

ನಲವತ್ತು ಟ್ಯಾಬ್ಲೆಟ್‌ಗಳ ಯೋಜನೆಯೊಂದನ್ನು ಎತ್ತಿಕೊಳ್ಳೋಣ. ಪ್ರತಿಯೊಂದಕ್ಕೂ 299 ರೂಪಾಯಿಯ ರೀಚಾರ್ಜ್ ಅನ್ನು ವರ್ಷಕ್ಕೆ ಹದಿಮೂರು ಸಲ ಹಾಕಿಸಿದರೆ ಸುಮಾರು 1.55 ಲಕ್ಷ ರೂಪಾಯಿ ಬೇಕು. ಈ ಸಾಲು ಆಯವ್ಯಯದಲ್ಲಿ ಇಲ್ಲದಿದ್ದರೆ, ಮೂರನೆಯ ತಿಂಗಳಿನಿಂದ ಅವು ಮಕ್ಕಳು ಆಟವಾಡುವ ತೆರೆಗಳಾಗಿಯೋ ಬೀರುವಿನಲ್ಲಿ ಬೀಗ ಹಾಕಿಟ್ಟ ಆಸ್ತಿಯಾಗಿಯೋ ಉಳಿಯುವ ಸಂಭವ ಹೆಚ್ಚು. ಬ್ರಿಟನ್‌ನಲ್ಲಿ ಗುಡ್ ಥಿಂಗ್ಸ್ ಫೌಂಡೇಶನ್ ಎಂಬ ದತ್ತಿ ಸಂಸ್ಥೆಯು ವರ್ಜಿನ್ ಮೀಡಿಯಾ ಒ2 ಕಂಪನಿಯೊಂದಿಗೆ 2021ರಲ್ಲಿ ನ್ಯಾಷನಲ್ ಡೇಟಾಬ್ಯಾಂಕ್ ಆರಂಭಿಸಿತು. ಬಡವರಿಗೆ ಆಹಾರ ವಿತರಿಸುವ ಅಲ್ಲಿನ ಕೇಂದ್ರಗಳ ಮಾದರಿಯಲ್ಲೇ, ದೂರಸಂಪರ್ಕ ಕಂಪನಿಗಳು ಕೊಟ್ಟ ಸಿಮ್ ಮತ್ತು ಡೇಟಾವನ್ನು ಬಡಾವಣೆಯ ಸಮುದಾಯ ಕೇಂದ್ರಗಳು ಅಗತ್ಯವಿರುವವರಿಗೆ ಉಚಿತವಾಗಿ ಹಂಚುತ್ತವೆ. ಡೇಟಾವನ್ನೇ ದಾನದ ವಸ್ತುವೆಂದು ಒಪ್ಪಿದ ಈ ಆಲೋಚನೆ ನಮ್ಮಲ್ಲೂ ಬೇರೂರಬೇಕೆಂದು ನನ್ನ ಆಶಯ.

ಆದರೆ ಒಂದು ಎಚ್ಚರ ಬೇಕು. ದಾನಿ ಆರಿಸಿದ ಕೆಲವೇ ತಾಣಗಳಿಗೆ ಮಾತ್ರ ಉಚಿತ ಪ್ರವೇಶ ಕೊಡುವ ಫ್ರೀ ಬೇಸಿಕ್ಸ್ ಯೋಜನೆಯನ್ನು ಫೇಸ್‌ಬುಕ್ ಭಾರತಕ್ಕೆ ತಂದಾಗ ದೇಶದಾದ್ಯಂತ ಚರ್ಚೆ ನಡೆದು, 2016ರ ಫೆಬ್ರುವರಿ 8ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ತಾರತಮ್ಯದ ಡೇಟಾ ದರಗಳನ್ನು ನಿಷೇಧಿಸಿತು. ಬಡವರಿಗೆ ಕೊಡುವ ಅಂತರ್ಜಾಲವೂ ಇತರರು ಬಳಸುವ ಪೂರ್ಣ ಅಂತರ್ಜಾಲವೇ ಆಗಿರಬೇಕು. ಸಿಎಸ್‌ಆರ್ ನಿಯಮಗಳೂ ಕಂಪನಿಯ ಸ್ವಂತ ಸರಕು ಅಥವಾ ಸೇವೆಗೆ ಮಾರುಕಟ್ಟೆ ಲಾಭ ತರುವ ಪ್ರಾಯೋಜಕತ್ವವನ್ನು ಸಿಎಸ್‌ಆರ್ ಎಂದು ಒಪ್ಪುವುದಿಲ್ಲ.

ಎಣಿಕೆ ಯಾವುದನ್ನು ಬಿಟ್ಟುಬಿಡುತ್ತದೆ

ಕೇಂದ್ರ ಸರ್ಕಾರದ ಪಿಎಂಜಿದಿಶಾ ಯೋಜನೆ 2017ರಲ್ಲಿ ಆರು ಕೋಟಿ ಗ್ರಾಮೀಣ ಕುಟುಂಬಗಳಲ್ಲಿ ತಲಾ ಒಬ್ಬರಿಗೆ ಡಿಜಿಟಲ್ ಸಾಕ್ಷರತೆ ಕಲಿಸುವ ಗುರಿಯೊಂದಿಗೆ ಆರಂಭವಾಗಿ, 2024ರ ಮಾರ್ಚ್‌ನಲ್ಲಿ ಮುಗಿಯುವ ಹೊತ್ತಿಗೆ 6.39 ಕೋಟಿ ಮಂದಿಗೆ ತರಬೇತಿ ಕೊಟ್ಟ ಲೆಕ್ಕ ತೋರಿಸಿತು. ಸಂಖ್ಯೆ ದೊಡ್ಡದು, ಅದರ ಹಿಂದಿನ ಶ್ರಮವನ್ನು ಕಡೆಗಣಿಸುವಂತಿಲ್ಲ. ಆದರೆ ತರಬೇತಿ ಇದ್ದದ್ದು 20 ಗಂಟೆ, ಅರ್ಹತೆಯ ವಯಸ್ಸು 14ರಿಂದ 60. ಪಿಂಚಣಿಗಾಗಿ ಬೆರಳಚ್ಚು ಕೊಡಬೇಕಾದ, ಓಟಿಪಿಯ ಹೆಸರಿನಲ್ಲಿ ಮೋಸಹೋಗುವ ಅಪಾಯವಿರುವ ಅರವತ್ತು ದಾಟಿದವರು ಯೋಜನೆಯ ಹೊರಗೇ ಉಳಿದರು. ದತ್ತಿ ಹಣದ ನಿಜವಾದ ಜಾಗ ಇಂಥ ಕಡೆ ಇದೆ: ಸರ್ಕಾರದ ಅರ್ಹತಾ ಪಟ್ಟಿ ಬಿಟ್ಟವರ ಬಳಿ, ಇಪ್ಪತ್ತು ಗಂಟೆ ಸಾಲದವರ ಬಳಿ.

ಅಂಗವಿಕಲರ ಮಾತೂ ಇದೇ. ಕಣ್ಣು ಮಿಟುಕಿಸಿದರೆ ಮಾತ್ರ ಗುರುತು ಖಚಿತವಾಗುವ ಇ-ಕೆವೈಸಿ ವಿಧಾನವು ಆ್ಯಸಿಡ್ ದಾಳಿಗೆ ತುತ್ತಾದವರನ್ನೂ ದೃಷ್ಟಿಹೀನರನ್ನೂ ಹೊರಗಿಡುತ್ತದೆಂಬ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪಿತ್ತು, ಡಿಜಿಟಲ್ ಪ್ರವೇಶವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿ 20 ನಿರ್ದೇಶನಗಳನ್ನು ಕೊಟ್ಟಿತು. ಎನ್‌ವಿಡಿಎಯಂತಹ ತೆರೆಯ ಮೇಲಿನ ಬರಹವನ್ನು ದೃಷ್ಟಿಹೀನರಿಗೆ ಗಟ್ಟಿಯಾಗಿ ಓದಿ ಹೇಳುವ ಉಚಿತ ತಂತ್ರಾಂಶ ಕನ್ನಡವನ್ನೂ ಓದುತ್ತದೆ. ಅದನ್ನು ಅಳವಡಿಸಿ ಕಲಿಸುವವರ ಸಮಯಕ್ಕೆ ಹಣ ಬೇಕಾಗುತ್ತದೆ.

ಪರಿಣಾಮ ಮೌಲ್ಯಮಾಪನವು ಕಾನೂನಿನಲ್ಲಿ ಕಡ್ಡಾಯವಾಗಿರುವುದು ಸರಾಸರಿ 10 ಕೋಟಿ ರೂಪಾಯಿ ಅಥವಾ ಹೆಚ್ಚಿನ ಸಿಎಸ್‌ಆರ್ ಹೊಣೆಯುಳ್ಳ ಕಂಪನಿಗಳ, 1 ಕೋಟಿ ಅಥವಾ ಹೆಚ್ಚಿನ ವೆಚ್ಚದ ಯೋಜನೆಗಳಿಗೆ ಮಾತ್ರ. ಉಳಿದೆಡೆ ಏನನ್ನು ಎಣಿಸಬೇಕೆಂಬುದನ್ನು ದಾನಿ ಮತ್ತು ಸಂಸ್ಥೆ ಮಾತಾಡಿಕೊಂಡು ನಿರ್ಧರಿಸಬಹುದು. ವಿತರಿಸಿದ ಸಾಧನ ಮತ್ತು ಹಂಚಿದ ಪ್ರಮಾಣಪತ್ರಗಳ ಬದಲಿಗೆ, ವರ್ಷದ ಬಳಿಕ ತನ್ನ ಪಡಿತರದ ಸ್ಥಿತಿಯನ್ನು ತಾನೇ ನೋಡಿಕೊಳ್ಳುವವರೆಷ್ಟು, ಸೈಬರ್ ಸೆಂಟರ್‌ಗೆ ಕೊಡುತ್ತಿದ್ದ ಹಣ ಎಷ್ಟು ಕಡಿಮೆಯಾಯಿತು, ನಿಂತುಹೋಗಿದ್ದ ಎಷ್ಟು ಪಿಂಚಣಿಗಳು ಮತ್ತೆ ಬಂದವು ಎಂದು ಕೇಳುವುದು ಹೆಚ್ಚು ಪ್ರಾಮಾಣಿಕವಾದ ಅಳತೆ.

ಅನುದಾನ ಮುಗಿದ ಮೇಲೆ

ಸಿಎಸ್‌ಆರ್ ಹಣದಿಂದ ಕೊಂಡ ಆಸ್ತಿ ಕಂಪನಿಯ ಹೆಸರಿನಲ್ಲಿ ಇರುವಂತಿಲ್ಲ. ಅದು ಸಿಎಸ್‌ಆರ್ ನೋಂದಣಿ ಸಂಖ್ಯೆಯುಳ್ಳ ದತ್ತಿ ಸಂಸ್ಥೆಯ ಬಳಿ, ಅಥವಾ ಫಲಾನುಭವಿಗಳ ಸ್ವಸಹಾಯ ಸಂಘದಂತಹ ಕೂಟದ ಬಳಿ, ಅಥವಾ ಸಾರ್ವಜನಿಕ ಪ್ರಾಧಿಕಾರದ ಬಳಿ ಇರಬೇಕು. ಕರ್ನಾಟಕದಲ್ಲಿ ಮೂರನೆಯ ದಾರಿಗೆ ಒಳ್ಳೆಯ ನೆಲೆಯಿದೆ. 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವಶಕ್ಕೆ ಬಂದ ಸುಮಾರು 5,600 ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳೆನಿಸಿವೆ. ಇಲಾಖೆಯು ಶಿಕ್ಷಣ ಫೌಂಡೇಶನ್ ಜೊತೆಗೂಡಿ, ಡೆಲ್ ಮೊದಲಾದ ಕಂಪನಿಗಳ ನೆರವಿನಿಂದ ನಡೆಸುವ ‘ಗ್ರಾಮ ಡಿಜಿ ವಿಕಸನ’ದಲ್ಲಿ ಸಾಧನಗಳು ಈ ಗ್ರಂಥಾಲಯಗಳಿಗೇ ಬರುತ್ತವೆ. ಅಲ್ಲಿ ಕಟ್ಟಡವಿದೆ, ಊರಿನವರಿಗೆ ಪರಿಚಿತವಾದ ಬಾಗಿಲಿದೆ, ಎಲ್ಲಕ್ಕಿಂತ ಮುಖ್ಯವಾಗಿ ಅನುದಾನ ಮುಗಿದರೂ ವೇತನ ನಿಲ್ಲದ ಒಬ್ಬ ಮೇಲ್ವಿಚಾರಕರಿದ್ದಾರೆ. ಅವರ ತರಬೇತಿಗೆ, ಸಂಜೆಯ ಹೊತ್ತು ಹೆಂಗಸರಿಗಾಗಿ ಕೇಂದ್ರ ತೆರೆದಿಡಲು ಬೇಕಾಗುವ ಹೆಚ್ಚುವರಿ ಸಹಾಯಕಿಯ ಗೌರವಧನಕ್ಕೆ, ದುರಸ್ತಿಗೆ ಹಣ ಕೊಡುವ ಅನುದಾನವು ಹೊಸ ಕೇಂದ್ರ ಕಟ್ಟುವ ಅನುದಾನಕ್ಕಿಂತ ಹೆಚ್ಚು ದಿನ ಬಾಳುತ್ತದೆ ಎಂದು ನನಗೆ ಅನ್ನಿಸುತ್ತದೆ.

ಒಡಂಬಡಿಕೆಗೆ ಸಹಿ ಹಾಕುವ ಮೊದಲು ಸಂಸ್ಥೆ, ದಾನಿ ಮತ್ತು ಪಂಚಾಯಿತಿ ಮೂವರೂ ಒಟ್ಟಿಗೆ ಕುಳಿತು ತೀರ್ಮಾನಿಸಬೇಕಾದ ಕೆಲವು ಸಂಗತಿಗಳಿವೆ. ಟ್ಯಾಬ್ಲೆಟ್‌ನ ತೆರೆ ಒಡೆದರೆ ದುರಸ್ತಿಯ ದುಡ್ಡು ಯಾರದು, ಫೋನಿನಲ್ಲಿ ತುಂಬಿಸುವ ಜನರ ಆಧಾರ್ ಮತ್ತು ಬ್ಯಾಂಕ್ ವಿವರಗಳನ್ನು ಯಾರು ನೋಡಬಹುದು ಮತ್ತು ಯಾವಾಗ ಅಳಿಸಬೇಕು, ದಲಿತ ಕೇರಿಯ ಹೆಂಗಸರಿಗೆ ಕೇಂದ್ರದ ಹೊತ್ತು ಮತ್ತು ದೂರ ಅನುಕೂಲವೇ, ಕೊನೆಯ ಕಂತಿನ ನಂತರದ ಬ್ರಾಡ್‌ಬ್ಯಾಂಡ್ ಬಿಲ್ಲನ್ನು ಪಂಚಾಯಿತಿ ತನ್ನ ಯಾವ ನಿಧಿಯಿಂದ ಕಟ್ಟುತ್ತದೆ ಎಂಬವು ಅವು. ಇವುಗಳಲ್ಲಿ ಕೊನೆಯದಕ್ಕೆ ಬಾಯಿಮಾತಿನ ಭರವಸೆ ಸಾಲದು. ಸಾಮಾನ್ಯ ಸಭೆಯಲ್ಲಿ ಠರಾವಾಗಿ, ಅನುದಾನದ ಮೊದಲ ಕಂತು ಬಿಡುಗಡೆಯಾಗುವ ಮುನ್ನವೇ ನಡಾವಳಿ ಪುಸ್ತಕದಲ್ಲಿ ದಾಖಲಾಗಿರಬೇಕು.